ನಟ್ಟಿನ ಮೇಲಿನ ಹಳದಿ ಗೀಟು

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಬ್ರೇಕು, ಚಕ್ರ, ಸ್ಟೀರಿಂಗು, ಇವುಗಳ ನಟ್ಟನ್ನು ಒಬ್ಬರು ಬಿಗಿದರೆ ಇನ್ನೊಬ್ಬರು ಅದರ ಮೇಲೆ ಹಳದಿ ಬಣ್ಣದ ಗೀಟು ಎಳೆಯಬೇಕು. ಗೀಟು ಎಳೆಯುವವರು ಕುಂಚ ಅದ್ದುವ ಮೊದಲು "ಟೈಟಾಯ್ತಾ?" ಎಂದು ಕೇಳಬೇಕು. ಬಿಗಿದವರು "ಟೈಟಾಯ್ತು" ಎಂದು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯದು. ಮೇಸ್ತ್ರಿಯ ಮಗಳೂ ಮಗನೂ ಹತ್ತು ವರ್ಷದಿಂದ ಹೀಗೇ ಕೆಲಸ ಮಾಡಿಕೊಂಡು ಬಂದಿದ್ದರು.

ಊರಿನ ಆಸ್ಪತ್ರೆಯ ಕಾಂಪೌಂಡರ್ ತನ್ನ ಹಳೇ ಕಾರು ತಂದು ನಿಲ್ಲಿಸಿದ ವಾರ ಅಕ್ಕ ತಮ್ಮ ಮಾತು ಬಿಟ್ಟಿದ್ದರು. ಕಾರಣ ಏನೂ ದೊಡ್ಡದಲ್ಲ. ತಮ್ಮ ಒಂದು ಕಾರ್ಬುರೇಟರ್ ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಮಿಕ್ಕಿತು. ಅಕ್ಕ ಗಿರಾಕಿಯ ಎದುರಿಗೇ, "ಇವನ ಕೈಲಿ ಮಿಕ್ಕಿದ ಸಾಮಾನಲ್ಲೇ ಇನ್ನೊಂದು ಗಾಡಿ ಕಟ್ಟಬಹುದು" ಎಂದುಬಿಟ್ಟಳು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ತಮ್ಮ ನಗಲಿಲ್ಲ.

ಅಂದಿನಿಂದ ಮಾತೆಲ್ಲ ಅಪ್ಪನ ಮೂಲಕ. "ಅಪ್ಪಾ, ಹದಿನಾಲ್ಕರ ಸ್ಪ್ಯಾನರ್ ಇದ್ದರೆ ಕೊಡೋಕೆ ಹೇಳಿ." "ಅಪ್ಪಾ, ಅವನ ಕಾಲ ಕೆಳಗೇ ಇದೆ ಅಂತ ಹೇಳಿ." ಮೇಸ್ತ್ರಿ ರೇಗುತ್ತಿದ್ದ: "ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ತಂತಿಯಾ?"

ಆ ಕಾರಿನ ಸ್ಟೀರಿಂಗ್ ಚಕ್ರದ ನಡುವೆ ಅಂಗೈಯಗಲದ ಒಂದು ಬಿಲ್ಲೆ. ಅದರಲ್ಲೇ ಹಾರ್ನಿನ ಗುಂಡಿ, ತಿರುವು ತೋರಿಸುವ ಕಡ್ಡಿ, ದೀಪದ ಕಡ್ಡಿ ಎಲ್ಲ. ಅವುಗಳ ತಂತಿಗಳು ಸ್ಟೀರಿಂಗ್ ಕಂಬದೊಳಗಿನ ಸಣ್ಣ ಕೊಳವೆಯಲ್ಲಿ ಇಳಿದು ಎಂಜಿನ್ ಪಕ್ಕ ಹೊರಗೆ ಬರುತ್ತಿದ್ದವು. ಕಾಲ ಕಳೆದಂತೆ ಎಲ್ಲ ಕಲಸಿಹೋಗಿ, ಹಾರ್ನ್ ಒತ್ತಿದರೆ ದೀಪ ಹತ್ತುತ್ತಿತ್ತು, ದೀಪ ಹಾಕಿದರೆ ಏನೂ ಆಗುತ್ತಿರಲಿಲ್ಲ.

ಬಿಲ್ಲೆಯ ಕೆಲಸ ಅಕ್ಕನದು. ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಹಳೇ ಸೀರೆಯ ತುಂಡಿನ ಮೇಲಿಟ್ಟು, ಹಿತ್ತಾಳೆ ಪಟ್ಟಿಗಳ ಕಿಲುಬು ಉಜ್ಜಿ, ಸತ್ತ ಸ್ಪ್ರಿಂಗ್ ಬದಲಿಸಿ, ಹೊಸ ತಂತಿ ಬೆಸೆದಳು. ಸ್ಟೀರಿಂಗ್ ಚಕ್ರ ಕಳಚಿ, ಕಂಬದೊಳಗೆ ಸವೆದಿದ್ದ ಬುಷ್ ಬಳೆ ಬದಲಿಸುವುದು ತಮ್ಮನ ಪಾಲು. ಎರಡು ದಿನ ಇಬ್ಬರೂ ಒಂದೇ ಕಾರಿನಲ್ಲಿ ಬೆನ್ನು ತಿರುಗಿಸಿಕೊಂಡು ಕೆಲಸ ಮಾಡಿದರು.

ಎರಡನೇ ದಿನ ಸಂಜೆ ತಮ್ಮ ಚಕ್ರವನ್ನು ಕಂಬದ ತುದಿಯ ಹಲ್ಲುಗಳ ಮೇಲೆ ಕೂರಿಸಿದ. ನಟ್ಟನ್ನು ಬೆರಳಿನಿಂದ ಎರಡು ಸುತ್ತು ತಿರುಗಿಸಿ ಬಿಟ್ಟ. ಕಾರನ್ನು ಹತ್ತಡಿ ಉರುಳಿಸಿ, ಚಕ್ರ ನೇರ ನಿಂತಿದೆಯೋ ನೋಡಿ, ಸೊಟ್ಟಗಿದ್ದರೆ ಎತ್ತಿ ಒಂದು ಹಲ್ಲು ಸರಿಸಿ, ಆಮೇಲೆ ಬಿಗಿಯುವುದು ಅವನ ರೂಢಿ. ಉರುಳಿಸೋಣ ಎಂದರೆ ಅಂಗಳದಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡ. ಸ್ಪ್ಯಾನರನ್ನು ಸೀಟಿನ ಮೇಲಿಟ್ಟು ಟ್ರ್ಯಾಕ್ಟರ್ ತೆಗೆಸಲು ಹೋದ. ಟ್ರ್ಯಾಕ್ಟರಿನವನಿಗೆ ಮಾತು ಜಾಸ್ತಿ.

ಅಷ್ಟರಲ್ಲಿ ಅಕ್ಕ ಬಿಲ್ಲೆ ತಂದಳು. ನಟ್ಟು ಕೂತಿತ್ತು, ಪಕ್ಕದಲ್ಲಿ ಸ್ಪ್ಯಾನರ್. "ಟೈಟಾಯ್ತಾ?" ಎಂಬುದು ಗಂಟಲಿಗೆ ಬಂತು. ತಮ್ಮ ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದ. ಮೊದಲು ಮಾತಾಡಿದವಳು ತಾನಾಗಬಾರದು. ಚಕ್ರ ಅಲುಗಿಸಿ ನೋಡಿದಳು, ಗಟ್ಟಿಯಾಗಿತ್ತು. ಗೀಟು ಎಳೆದು, ಬಿಲ್ಲೆಯನ್ನು ಸೀಟಿನ ಮೇಲಿಟ್ಟು ಒಳಗೆ ಹೋದಳು.

ತಮ್ಮ ಬಂದು ಗೀಟು ನೋಡಿದ. ಚಕ್ರವೂ ನೇರವಾಗಿತ್ತು. ಓಹೋ, ತಾನೇ ನೋಡಿ, ತಾನೇ ಬಿಗಿದು, ಗೀಟೂ ಎಳೆದಿದ್ದಾಳೆ. ನನ್ನ ಕೈ ಮೇಲೆ ಅಷ್ಟೂ ನಂಬಿಕೆ ಇಲ್ಲ. ಹಲ್ಲು ಕಚ್ಚಿಕೊಂಡು ಕೊಳವೆ ಇಳಿಸಿ, ತಂತಿ ಕೂಡಿಸಿ, ನಟ್ಟಿನ ಮೇಲೆ ಬಿಲ್ಲೆ ಮುಚ್ಚಿದ. ಹಾರ್ನ್ ಒತ್ತಿದ. ಅಂಗಳದ ಕೋಳಿಗಳು ದಿಕ್ಕಾಪಾಲಾದವು.

ಮಾರನೇ ದಿನ ಬೆಳಿಗ್ಗೆ ಕಾಂಪೌಂಡರ್ ಬಂದವನೇ ಹಾರ್ನ್ ಕೇಳಿ ಮಗುವಿನಂತೆ ಕುಣಿದ. ಅವನಿಗೆ ಕಿವಿ ಮಂದ. ಅವನಿಗೇ ಕೇಳಿಸಿತೆಂದರೆ ಒಳ್ಳೆಯ ಹಾರ್ನೇ ಸರಿ. "ನಡಿ ಮೇಸ್ತ್ರಿ, ಕೆಳಗಿನ ಪೇಟೆಯವರೆಗೆ ಹೋಗಿ ಬರೋಣ. ನೀನೇ ಓಡಿಸು." ಮೇಸ್ತ್ರಿ ಅಂಗಿ ಬದಲಿಸಿ ಹೊರಟ.

ಕಾರು ಹೋಗಿ ಐದು ನಿಮಿಷವಾಗಿತ್ತು. ತಮ್ಮ ಚಹಾ ಕುಡಿಯುತ್ತ ಕೂತಿದ್ದ. ಅಕ್ಕನನ್ನು ಕುಟುಕಲು ಅಪ್ಪನಿಲ್ಲ, ಅಮ್ಮ ಸಿಕ್ಕಳು.

"ಅಮ್ಮಾ, ಇನ್ಮೇಲೆ ನನಗೆ ಕೆಲಸವೇ ಇಲ್ಲ ಕಣಮ್ಮ. ನಾನು ಬಿಗೀಬೇಕಾದ ನಟ್ಟನ್ನೂ ದೊಡ್ಡ ಮೇಸ್ತ್ರಿಣಿಯವರೇ ಬಿಗಿದಿದ್ದಾರೆ."

ಅಕ್ಕ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. "ಯಾವ ನಟ್ಟು?"

"ಸ್ಟೀರಿಂಗಿಂದು."

"ನಾನೆಲ್ಲೋ ಬಿಗಿದೆ?"

ಒಂದು ಕ್ಷಣ ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡ. ಅವಳ ಮುಖ ನೋಡಿದ. ಚಹಾ ಲೋಟ ಅಲ್ಲೇ ಇಟ್ಟು ಎದ್ದ.

ಕಾಂಪೌಂಡರಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಅಪ್ಪನ ಫೋನು ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ, ಗೋಡೆಯ ಮೊಳೆಯಲ್ಲೇ ಬಡಿದುಕೊಂಡಿತು. ತಮ್ಮ ಮೊಪೆಡ್ ಎಳೆದ, ಅಕ್ಕ ಹಿಂದೆ ಹತ್ತಿದಳು. ಅಮ್ಮ "ಏನಾಯ್ತ್ರೋ, ಹೇಳ್ರೋ" ಎಂದು ಗೇಟಿನವರೆಗೆ ಓಡಿಬಂದಳು. ಏನೆಂದು ಹೇಳುವುದು?

ನಾಲ್ಕು ಮೈಲಿ ಸಮ ರಸ್ತೆ, ಆಮೇಲೆ ಏಳು ತಿರುವಿನ ಇಳಿಜಾರು. ಸಮ ರಸ್ತೆಯಲ್ಲಿ ಭಯವಿಲ್ಲ, ಸಡಿಲ ನಟ್ಟು ಅದುರಿ ಕಳಚಿದರೂ ಕೈಯ ಭಾರಕ್ಕೆ ಚಕ್ರ ಹಲ್ಲಿನ ಮೇಲೇ ಕೂತಿರುತ್ತದೆ. ಆದರೆ ಮೇಸ್ತ್ರಿ ಕುಳ್ಳ. ಇಳಿಜಾರು ಬಂದರೆ ರಸ್ತೆ ಕಾಣಲೆಂದು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಜಗ್ಗಿ ಸೀಟಿನಿಂದ ಮೇಲೆದ್ದು ಕೂರುವುದು ಅವನ ಅಭ್ಯಾಸ. ಇದನ್ನು ಇಬ್ಬರೂ ಬಲ್ಲರು.

ಇಟ್ಟಿಗೆ ಗೂಡಿನ ಹತ್ತಿರ ಕುರಿ ಮಂದೆ ರಸ್ತೆ ತುಂಬಿತ್ತು. ಕುರಿಯವನು ನಕ್ಕ. "ನಿಮ್ಮಪ್ಪನಿಗೇನು ಮದುವೆಯಾ? ಹಾರ್ನ್ ಹೊಡ್ಕೊಂಡೇ ಹೋದ."

"ಎಷ್ಟು ಹೊತ್ತಾಯ್ತು?"

"ಈಗಿನ್ನೂ ನನ್ನ ಕುರಿ ಚದುರಿಸಿ ಹೋದ. ಇನ್ನೂ ಒಟ್ಟು ಮಾಡ್ತಾನೇ ಇದ್ದೀನಿ."

ಇಳಿಜಾರಿನ ತಲೆಗೆ ಬಂದಾಗ ತಮ್ಮ ಎಂಜಿನ್ ಆರಿಸಿದ. ಕೆಳಗಿನಿಂದ ಹಾರ್ನ್ ಕೇಳಿಸಿತು. ಮೇಸ್ತ್ರಿ ಪ್ರತಿ ತಿರುವಿಗೂ ಒಂದು ಹಾರ್ನ್ ಹೊಡೆಯುವವನು.

"ಎರಡನೇ ತಿರುವು" ಎಂದಳು ಅಕ್ಕ, ಸದ್ದು ಬಂದ ಕಡೆ ನೋಡಿ.

ಮೊಪೆಡ್ ಸದ್ದಿಲ್ಲದೆ ಇಳಿಯಿತು. ಅವಳು ತಮ್ಮನ ಅಂಗಿಯನ್ನು ಬೆನ್ನಿನ ಚರ್ಮ ಸಮೇತ ಹಿಡಿದುಕೊಂಡಿದ್ದಳು. ಹಾರ್ನ್ ಬರುವವರೆಗೆ ಉಸಿರು ಒಳಗೇ ನಿಲ್ಲುತ್ತಿತ್ತು, ಬಂದರೆ ಹೊರಗೆ. ಮೂರನೇ ತಿರುವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಗಳು, ಅವುಗಳಾಚೆ ಮರದ ತಲೆಗಳು ಮಾತ್ರ. ನಾಲ್ಕನೇ ತಿರುವು, ಉದ್ದದ ಹಾರ್ನ್.

ಐದನೆಯದಕ್ಕೆ ಕಾದರು.

ಗಾಳಿ ಬೀಸುವುದು ಕೇಳಿಸಿತು. ಎಲ್ಲೋ ಒಂದು ಹಕ್ಕಿ.

"ಬರ್ಲಿಲ್ಲ ಕಣೋ."

"ಸುಮ್ನಿರಕ್ಕ."

"ಬರ್ಲಿಲ್ಲ ಕಣೋ, ಬರ್ಲೇ ಇಲ್ಲ."

ನಾಲ್ಕನೇ ತಿರುವು ದಾಟುವಾಗ ಮೊಪೆಡ್ ಜಾರಿ ಇಬ್ಬರೂ ಬಿದ್ದರು. ಅದನ್ನು ಅಲ್ಲೇ ಬಿಟ್ಟು ಓಡಿದರು. ಅಕ್ಕನ ಒಂದು ಚಪ್ಪಲಿ ಎಲ್ಲೋ ಹೋಯಿತು. ಅವಳ ಕಣ್ಣು ಕಲ್ಲುಗಳ ಸಾಲಿನ ಮೇಲೆ, ಯಾವ ಕಲ್ಲು ಉರುಳಿದೆ ಎಂದು. ಎಲ್ಲವೂ ನಿಂತಿದ್ದವು. ಆದರೂ ನಂಬಿಕೆ ಬರಲಿಲ್ಲ.

ಐದನೇ ತಿರುವಿನ ಒಳಬದಿಯಲ್ಲಿ, ಗುಡ್ಡದ ಕಡೆಯ ಚರಂಡಿಗೆ ಮೂತಿಯಿಟ್ಟು ಕಾರು ನಿಂತಿತ್ತು. ಒಂದು ದೀಪದ ಗಾಜು ಪುಡಿಯಾಗಿತ್ತು. ಕಾಂಪೌಂಡರ್ ಕೆಳಗೆ ಮಣ್ಣಿನಲ್ಲಿ ಕಾಲು ಚಾಚಿ ಕೂತಿದ್ದ, ಹಣೆ ಊದಿ ಬುಗುಟೆದ್ದಿತ್ತು.

"ಕೈಗೆ ಬಂದುಬಿಡ್ತು!" ಎಂದು ಕಿವುಡರ ದನಿಯಲ್ಲಿ ಕೂಗಿದ. "ಪೂರಾ ಕೈಗೇ ಬಂತು! ನಿಮ್ಮಪ್ಪ ಅದನ್ನ ಮತ್ತೆ ಕಂಬದ ಮೇಲಿಟ್ಟು ಗುದ್ದಿ, ಗುಡ್ಡದ ಕಡೆ ತಿರುಗಿಸಿದ. ನಾನು ಆ ಕಡೆ ಏನೂ ನೋಡ್ಲಿಲ್ಲಪ್ಪ, ಕಣ್ಣು ಮುಚ್ಚಿದ್ದೆ."

ಮೇಸ್ತ್ರಿ ಇನ್ನೂ ಸೀಟಿನಲ್ಲೇ ಇದ್ದ. ಸ್ಟೀರಿಂಗ್ ಚಕ್ರ ತೊಡೆಯ ಮೇಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಎದುರಿನ ಗುಡ್ಡದ ಮಣ್ಣನ್ನೇ ನೋಡುತ್ತಿದ್ದ. ಬಿಲ್ಲೆ ಎರಡು ಹರಿದ ತಂತಿಗಳಲ್ಲಿ ಕಂಬದ ತುದಿಗೆ ನೇತಾಡುತ್ತಿತ್ತು.

"ಅಪ್ಪಾ" ಎಂದ ತಮ್ಮ. "ನಾನು ಬಿಗಿದಿರಲಿಲ್ಲ."

"ನಾನು ಕೇಳಿರಲಿಲ್ಲ" ಎಂದಳು ಅಕ್ಕ.

ಮೇಸ್ತ್ರಿ ಬಯ್ಯಲಿಲ್ಲ. ಬಯ್ದಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು.

"ಕೈ ಬಿಡ್ತಿಲ್ಲ ಕಣ್ರೋ" ಎಂದ. "ಬಿಡು ಅಂತೀನಿ, ಬಿಡ್ತಿಲ್ಲ."

ಮುದುಕನ ಗೆಣ್ಣುಗಳು ಬಿಳುಚಿಕೊಂಡಿದ್ದವು. ಅಕ್ಕ ಆ ಕಡೆಯಿಂದ, ತಮ್ಮ ಈ ಕಡೆಯಿಂದ ಬಗ್ಗಿ, ಒಂದೊಂದೇ ಬೆರಳು ಬಿಡಿಸತೊಡಗಿದರು. ಹೆಬ್ಬೆರಳು ಬಿಡಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹೆಬ್ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಬಿಡಿಸಿದ್ದನ್ನು ಒಬ್ಬರು ಹಿಡಿದಿಟ್ಟುಕೊಂಡರೆ ಮಾತ್ರ ಇನ್ನೊಂದು ಬಿಡುತ್ತಿತ್ತು.

"ಹಿಡ್ಕೊಂಡಿದ್ದೀಯಾ?" ಎಂದು ಕೇಳಿದ ತಮ್ಮ.

"ಹಿಡ್ಕೊಂಡಿದ್ದೀನಿ. ನೀನು ನಿಧಾನಕ್ಕೆ ಬಿಡಿಸು, ನೋಯುತ್ತೆ ಅಪ್ಪಂಗೆ."