ಹನ್ನೊಂದು ಜನರ ಇರುವೆ ಬಳಗ

ಬಟ್ಟೆ ಹೊಲಿಯುವ ಅಕ್ಕನಿಗೆ ಇರುವೆಗಳ ಹುಚ್ಚು ಹತ್ತಿದ್ದು ಹೊಲಿಗೆ ಯಂತ್ರದ ಪಕ್ಕದ ಕಿಟಕಿಯಿಂದ. ಗುಂಡಿಗಳಿಗೆ ಕಾಜಾ ಹಾಕುತ್ತ ಕೂತವಳ ಕಣ್ಣು ಆಗಾಗ ಅಲ್ಲಿ ಹರಿಯುವ ಸಾಲಿನತ್ತ ಜಾರುತ್ತಿತ್ತು. ಎದುರುಬದುರಾದ ಎರಡು ಇರುವೆಗಳು ಕ್ಷಣಹೊತ್ತು ನಿಂತು, ಮುಖ ತಾಕಿಸಿಕೊಂಡು ಹೋಗುವುದೇಕೆ? ಗಂಡನನ್ನು ಕೇಳಿದಳು. "ಅವಕ್ಕೂ ಕೆಲ್ಸ ಇಲ್ಲ, ನಿಂಗೂ ಇಲ್ಲ" ಎಂದ. ಗಿರಾಕಿಯೊಬ್ಬರನ್ನು ಕೇಳಿದಳು. ಅವರು ಅಂಗಿ ಯಾವಾಗ ಕೊಡ್ತೀರಿ ಎಂದು ತಿರುಗಿ ಕೇಳಿದರು.

ಕೊನೆಗೆ ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದು 'ಇರುವೆ ಬಳಗ' ಎಂಬ ಆನ್‌ಲೈನ್ ಗುಂಪು. ಹತ್ತು ಜನರಿದ್ದರು, ಅವಳು ಹನ್ನೊಂದನೆಯವಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬಳಗ ಕಟ್ಟಿದ್ದು ನಿವೃತ್ತ ಜಡ್ಜ್ ಸಾಹೇಬರು. ಲಾರಿ ನಿಲ್ಲಿಸಿದಲ್ಲೆಲ್ಲ ಕುಕ್ಕುರುಗಾಲಲ್ಲಿ ಕೂತು ನೆಲ ನೋಡುವ ಡ್ರೈವರಣ್ಣನೂ ಅಲ್ಲಿದ್ದ. ಒಮ್ಮೆ ಅಕ್ಕ, ಇರುವೆಯೊಂದು ಕೆಂಪು ದಾರದ ತುಣುಕನ್ನು ಗೂಡಿನ ಬಾಯಿತನಕ ಎಳೆದು ತಂದು ಅಲ್ಲೇ ಬಿಟ್ಟುಹೋಯಿತು ಎಂದು ಬರೆದಳು. ಅದರ ಮೇಲೆ ನಾಲ್ಕು ದಿನ ವಾದ ನಡೆಯಿತು. "ದಾರ ಒದ್ದೆ ಇತ್ತಾ, ಒಣಗಿತ್ತಾ?" ಎಂದು ಡ್ರೈವರಣ್ಣ ಕೇಳಿದ. "ಅದೇ ಇರುವೆ ಅಂತ ಹೇಗೆ ಗುರುತಿಸಿದೆಯಮ್ಮಾ?" ಎಂದು ಜಡ್ಜ್ ಸಾಹೇಬರು ಪಾಟೀಸವಾಲು ಹಾಕಿದರು. ಅಕ್ಕ ಹೊಲಿಗೆ ಬಿಟ್ಟು ಮತ್ತೆ ಕಿಟಕಿಗೆ ಕಣ್ಣು ನೆಟ್ಟಳು. ಆ ನಾಲ್ಕು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಅವಳು ಕಂಡದ್ದನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ. ಮುಂದೆ ಸಾಹೇಬರ ಕಣ್ಣು ಮಂಜಾಗತೊಡಗಿದಾಗ ಬಳಗದ ಉಸ್ತುವಾರಿಯೂ ಅವಳ ಪಾಲಿಗೇ ಬಂತು.

ಅವಳ ತಮ್ಮನದು ಬ್ಯಾನರ್ ಮುದ್ರಿಸುವ ಅಂಗಡಿ. ಏನಿದ್ದರೂ ದೊಡ್ಡದಾಗಿ ಕಾಣಬೇಕು ಎನ್ನುವ ಜಾತಿ ಅವನದು.

"ಹನ್ನೊಂದೇ ಜನಾನಾ? ಅಕ್ಕಾ, ಇದೇನು ಬಳಗಾನೋ ಕ್ರಿಕೆಟ್ ಟೀಮೋ?"

"ನಮಗೆ ಸಾಕು ಬಿಡೋ."

"ನಿಂಗೇನೂ ಗೊತ್ತಾಗಲ್ಲ, ಸುಮ್ನಿರು."

ಅಕ್ಕನ ಮೇಲಿನ ಅಕ್ಕರೆಯಿಂದಲೇ ಅವನು ಬಳಗದ ವಿಳಾಸವನ್ನು ಕಂಡಕಂಡಲ್ಲೆಲ್ಲ ಹಂಚಿದ. ಮೂರೇ ದಿನಕ್ಕೆ ನಾಲ್ಕು ಸಾವಿರ ಜನ ನುಗ್ಗಿದರು. ಬೆಳಗಾದರೆ ಗುಲಾಬಿ ಚಿತ್ರದೊಂದಿಗೆ ಶುಭೋದಯ. 'ಇರುವೆ ಸಾಯಿಸೋಕೆ ಯಾವ ಪುಡಿ ಒಳ್ಳೇದು?' ಎಂದು ಒಬ್ಬರು, ಸೈಟು ಮಾರಾಟಕ್ಕಿದೆ ಎಂದು ಇನ್ನೊಬ್ಬರು. ಪುಡಿಯ ಹೆಸರು ಹೇಳಿದವರಿಗೂ ಹೇಳಬಾರದೆಂದವರಿಗೂ ಜಗಳ ಹತ್ತಿ, ಅದು ಪರಸ್ಪರರ ಅಪ್ಪಂದಿರ ತನಕ ಹೋಯಿತು.

ಆ ವಾರ ಅಕ್ಕ ರೆಕ್ಕೆ ಕಳಚಿಕೊಳ್ಳುತ್ತಿದ್ದ ರಾಣಿ ಇರುವೆಯೊಂದನ್ನು ಕಂಡಳು. ಉಸಿರು ಬಿಗಿಹಿಡಿದು ನೋಡಿ ಬರೆದಳು. ಗಂಟೆಯೊಳಗೆ ಒಂಬೈನೂರು ಮೆಚ್ಚುಗೆ ಬಿತ್ತು. "ನೋಡಿದ್ಯಾ!" ಎಂದು ತಮ್ಮ ಎದೆಯುಬ್ಬಿಸಿದ. ಅಕ್ಕ ಸಂಜೆತನಕ ಕಾದಳು. ಒಂದೇ ಒಂದು ಪ್ರಶ್ನೆ ಬರಲಿಲ್ಲ. ಹಳಬರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ತುಂಬಿದ ಮದುವೆ ಮನೆಯಲ್ಲಿ ಪರಿಚಯದವರೇ ಇಲ್ಲದೆ ನಿಂತಂತಾಯಿತು ಅವಳಿಗೆ.

ಮರುದಿನ ಕತ್ತರಿ ಕೆಳಗಿಟ್ಟು, ಬಳಗದಲ್ಲಿ ಬರೆದಳು: 'ಪ್ರತಿಯೊಬ್ಬರೂ ಹತ್ತು ನಿಮಿಷ ಒಂದು ಇರುವೆಯನ್ನು ನೋಡಿ, ಕಂಡದ್ದನ್ನು ಬರೆಯಬೇಕು. ಭಾನುವಾರದೊಳಗೆ ಬರೆಯದವರ ಹೆಸರು ತೆಗೆಯಲಾಗುವುದು.'

"ತಲೆ ಕೆಟ್ಟಿದೆಯಾ? ಬಂದವರನ್ನ ಓಡಿಸ್ತಾರಾ ಯಾರಾದ್ರೂ?" ತಮ್ಮ ಕೂಗಾಡಿದ.

"ಓಡಿಸ್ತಿಲ್ಲ ಕಣೋ. ಕೂತ್ಕೊಳ್ಳಿ ಅಂತಿದೀನಿ."

ಭಾನುವಾರ ಮಧ್ಯಾಹ್ನ ತೆಗೆಯಲು ಕೂತಳು. 'ಇರುವೆ ಹೋಯಿತು' ಎಂದಷ್ಟೇ ಬರೆದವರು ಮೂವತ್ತು ಜನ. ಅವರೂ ಹೋದರು. ಒತ್ತಿ ಒತ್ತಿ ಹೆಬ್ಬೆರಳು ಮರಗಟ್ಟಿತು. ತಮ್ಮನ ಹೆಸರು ಬಂದಾಗ ಒಂದು ಗಳಿಗೆ ತಡೆದಳು. ಆಮೇಲೆ ಅದನ್ನೂ ತೆಗೆದಳು. ಹಳಬರೆಲ್ಲ ಬರೆದಿದ್ದರು; ಅವರೂ ಸೇರಿ ಉಳಿದದ್ದು ಹದಿನೇಳು ಜನ. ಹೊಸ ಆರು ಮಂದಿಯಲ್ಲಿ ಒಬ್ಬರು ಬ್ಯಾಂಕಿನ ಬಾಗಿಲು ಕಾಯುವ ಗಾರ್ಡು. ಮೆಟ್ಟಿಲ ಬಿರುಕಿನ ಇರುವೆಗಳನ್ನು ಮೂರು ವರ್ಷದಿಂದ ನೋಡುತ್ತಿದ್ದರಂತೆ. ಹೇಳಿಕೊಳ್ಳಲು ಯಾರೂ ಇರಲಿಲ್ಲವಂತೆ. ಅವರು ಬರೆದದ್ದು ನಲವತ್ತು ಸಾಲು. ಅದನ್ನೋದಿ ಜಡ್ಜ್ ಸಾಹೇಬರು ಒಂದೇ ಉಸಿರಿಗೆ ಏಳು ಪ್ರಶ್ನೆ ಹಾಕಿದರು. ಅಕ್ಕನಿಗೆ ಕುಣಿಯುವಂತಾಯಿತು.

ತಮ್ಮ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅಂಗಡಿಯ ಹಿಂದೆ ಟೀ ಲೋಟ ಹಿಡಿದು ಕೂತವನು ಎಷ್ಟು ಹೊತ್ತಾದರೂ ಏಳಲಿಲ್ಲವಂತೆ. ಕೊನೆಗೆ ಎದ್ದವನು ನೇರ ಅಕ್ಕನ ಮನೆಗೆ ಬಂದ.

"ಅಕ್ಕಾ, ಒಂದು ಇರುವೆ ಇನ್ನೊಂದನ್ನ ಹೊತ್ಕೊಂಡು ಹೋಯ್ತು. ಸತ್ತಿತ್ತೇನೋ ಪಾಪ. ಎಲ್ಲಿಗೆ ಒಯ್ಯುತ್ತೆ?"

"ನನ್ನ ಕೇಳಬೇಡ. ಅಲ್ಲಿ ಬರಿ" ಎಂದು ಅಕ್ಕ ಅವನನ್ನು ಮತ್ತೆ ಸೇರಿಸಿದಳು.

ಬರೆದು ಎರಡು ನಿಮಿಷವಾಗಿರಲಿಲ್ಲ, ಗಾರ್ಡು ಕೇಳಿದರು: 'ಸತ್ತಿತ್ತು ಅಂತ ಹೇಗೆ ಗೊತ್ತಾಯ್ತು ಸಾರ್? ಕಾಲು ಮಡಚಿತ್ತಾ, ಜೋತುಬಿದ್ದಿತ್ತಾ? ಬದುಕಿರೋದನ್ನೂ ಹೊರ್ತವೆ.'

ತಮ್ಮ ಪೆಚ್ಚಾಗಿ ಅಕ್ಕನ ಮುಖ ನೋಡಿದ. ಅವಳು ಕಾಲರಿನ ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ತಡಿ, ಇನ್ನೊಂದ್ಸಲ ನೋಡ್ಬರ್ತೀನಿ" ಎಂದವನೇ ಚಪ್ಪಲಿ ಮೆಟ್ಟಲೂ ಮರೆತು ಬೀದಿಗಿಳಿದು ಓಡಿದ.