ಒಂದು ಬಕೆಟ್ ಹೆಪ್ಪು

ಮಗಳು ಹಿತ್ತಲಿನ ಕೊಳಚೆ ಟ್ಯಾಂಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಸರಿಸಿದ್ದೇ ತಡ, ಮೂಗು ಹಿಡಿದುಕೊಂಡು ಹಿಂದಕ್ಕೆ ಜಿಗಿದಳು. ಕೊಳೆತ ಮೊಟ್ಟೆಯ ನಾತ. ಇಪ್ಪತ್ತೆರಡು ವರ್ಷ ಹಗಲೂ ರಾತ್ರಿ ಗುಳುಗುಳು ಎನ್ನುತ್ತಿದ್ದ ಕಂದು ನೀರು ಈಗ ಕಪ್ಪಗೆ, ಕದಲದೆ ಮಲಗಿತ್ತು.

ಒಳಗೆ ಹಾಲ್‌ನಲ್ಲಿ ಅಪ್ಪನೂ ಹೂವಿನ ಹಾರಗಳ ಅಡಿ ಕದಲದೆ ಮಲಗಿದ್ದರು, ಪಕ್ಕದಲ್ಲಿ ಅಮ್ಮ. ಗಂಟೆ ಹತ್ತು. ಅವರನ್ನು ಕರೆದೊಯ್ಯುವ ವಾಹನ ಬರುವುದು ನಾಲ್ಕಕ್ಕೆ.

"ಅತ್ತೇ! ಈ ಗೋಡೆ ಮೇಲಿನ ಸ್ವಿಚ್ಚು ಆರಿಸಿದ್ಯಾರು?"

ಅಪ್ಪನ ಅಕ್ಕ ಅಡುಗೆಮನೆ ಬಾಗಿಲಲ್ಲಿ ಇಣುಕಿದರು. "ನಾನೇ ಕಣೇ. ನೀವೆಲ್ಲ ಆಸ್ಪತ್ರೆಗೆ ಓಡಿದ ದಿನ ಬಂದ್ನಲ್ಲ, ಮನೇಲಿ ನರಪಿಳ್ಳೆ ಇಲ್ಲ, ಇಲ್ಲೇನೋ ಗುಂಯ್ ಅಂತ ಒಂದೇ ಸಮ ಬಡ್ಕೋತಿತ್ತು. ಸುಮ್ನೆ ಕರೆಂಟು ದಂಡ ಅಂತ ಆರಿಸ್ದೆ."

"ಅದು ಗಾಳಿ ಊದೋ ಬ್ಲೋವರ್ ಅತ್ತೆ! ಐದು ದಿನ ಗಾಳಿ ಇಲ್ದೆ ಒಳಗಿದ್ದೋರೆಲ್ಲ ಸತ್ತುಹೋದ್ರು."

"ಅಯ್ಯೋ ಶಿವನೇ!" ಅತ್ತೆ ಎದೆ ಹಿಡಿದುಕೊಂಡರು. "ಒಳಗೆ ಯಾರಿದ್ರೇ?"

ಯಾರಿದ್ದರು ಎಂದು ಹೇಳುವುದು! ಅಪ್ಪನ ಬಾಯಲ್ಲಿ ಅವರು 'ನಮ್ಮ ಕೆಲಸದವರು'. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಗಳು. ಗಾಳಿ ಕೊಟ್ಟರೆ ಮನೆಯ ಕೊಳೆಯನ್ನೆಲ್ಲ ತಿಂದು, ಗಿಡಕ್ಕೆ ಬಿಡುವಂಥ ತಿಳಿ ನೀರು ಕೊಡುತ್ತಿದ್ದವು. ನಗರದ ಒಳಚರಂಡಿ ಹಳೇ ಪೇಟೆಯ ತುದಿಗೇ ನಿಂತುಹೋಗಿತ್ತು. ಅದರಿಂದಾಚೆಗಿದ್ದ ನಲವತ್ತು ಮನೆ, ಒಂದು ಶಾಲೆ, ಒಂದು ಬೇಕರಿ, ಎಲ್ಲದರ ಟ್ಯಾಂಕೂ ಅಪ್ಪ ಹೂತು, ಅಪ್ಪ ನೋಡಿಕೊಂಡಿದ್ದು. 'ಗಾಳಿ ಕೊಡ್ರಪ್ಪಾ, ಗಾಳಿ ಕೊಡಿ' ಎನ್ನುತ್ತಲೇ ಇರುತ್ತಿದ್ದರಿಂದ ಜನ ಅವರನ್ನು ಗಾಳಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಇನ್ನು ಸ್ವಲ್ಪ ಹೊತ್ತಿಗೆ ಆ ಜನವೆಲ್ಲ ಬರುವವರು. ಊರ ನಾತ ತೆಗೆದವರ ಮನೆ, ಅವರು ಹೊರಡುವ ದಿನವೇ ನಾರಬೇಕೆ? ಮಗಳಿಗೆ ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಅಳುತ್ತಲೇ ಸ್ವಿಚ್ಚು ಹಾಕಿದಳು. ಬ್ಲೋವರ್ ಗುಂಯ್ ಎಂದಿತು, ಕಪ್ಪು ನೀರು ಕಲಕಿತು, ನಾತ ನೆಟ್ಟಗೆ ಹಾಲ್‌ಗೇ ನಡೆಯಿತು.

ಅಲ್ಲಿ ಆಗಲೇ ಬಂದು ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಬೇಕರಿಯವನು ತನ್ನ ಅಂಗಾಲು ನೋಡಿಕೊಂಡ. ಅತ್ತೆ ಬಚ್ಚಲಮನೆಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಯಾರೂ ಹೋಗ್ಬೇಡಿ, ಒಳಗೆ ಸಾವಾಗಿದೆ" ಎಂದು ಸಾರಿಬಿಟ್ಟರು.

ಮೊದಲು ಹಿತ್ತಲಿಗೆ ಬಂದವರು ಶಾಲೆಯ ಹೆಡ್‌ಮಿಸ್ಟ್ರೆಸ್. ಟ್ಯಾಂಕು ನೋಡಿದರು, ಮಗಳ ಮುಖ ನೋಡಿದರು.

"ಹೆಪ್ಪು ಬೇಕೇನೇ, ಮಗಳೇ?"

* * *

ಆಗ ಅವಳಿಗೆ ಹತ್ತು ವರ್ಷ. ಅಪ್ಪನ ಸ್ಕೂಟರಿನ ಮುಂದೆ, ಮುಚ್ಚಿದ ಬಕೆಟ್ಟೊಂದನ್ನು ಮೊಣಕಾಲ ನಡುವೆ ಒತ್ತಿಕೊಂಡು ನಿಂತಿದ್ದಳು. ಶಾಲೆಯಲ್ಲಿ ಹೊಸ ಟ್ಯಾಂಕು. ಅಪ್ಪ ಬಕೆಟ್ಟಿನ ಕೆಸರನ್ನು ಅದಕ್ಕೆ ಸುರಿಯಹೊರಟಾಗ ಹೆಡ್‌ಮಿಸ್ಟ್ರೆಸ್ ಅಡ್ಡ ನಿಂತರು.

"ಇದೇನ್ರೀ ಮೇಷ್ಟ್ರೇ, ಹೊಸ ಟ್ಯಾಂಕಿಗೆ ನಿಮ್ಮನೆ ಕೊಳೆ?"

"ಹಾಲು ತಾನಾಗೇ ಮೊಸರಾಗುತ್ತಾ ಮೇಡಂ? ಹೆಪ್ಪು ಹಾಕ್ಬೇಡ್ವಾ? ನಮ್ಮ ಟ್ಯಾಂಕಿನ ಕೆಲಸದವರು ಒಂದು ಬಕೆಟ್ ಬಂದ್ರೆ, ತಿಂಗಳಲ್ಲಿ ಸಂಸಾರ ದೊಡ್ಡದು ಮಾಡ್ಕೋತಾರೆ."

"ವಾಪಸ್ ಕೊಡ್ಬೇಕೇನ್ರೀ?"

"ಹೆಪ್ಪನ್ನ ಯಾರಾದ್ರೂ ವಾಪಸ್ ಕೇಳ್ತಾರಾ?" ಎಂದು ಅಪ್ಪ ಹೊಟ್ಟೆ ಹಿಡಿದು ನಕ್ಕಿದ್ದರು.

* * *

ಹೆಡ್‌ಮಿಸ್ಟ್ರೆಸ್ ಹಾಲ್‌ಗೆ ಹೋಗಿ, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವ ದನಿಯಲ್ಲಿ ಹೇಳಿದರು: "ಎಲ್ರೂ ಕೇಳಿ. ಮೇಷ್ಟ್ರ ಟ್ಯಾಂಕು ಸತ್ತಿದೆ. ನಿಮ್ಮ ನಿಮ್ಮ ಟ್ಯಾಂಕಿಂದ ಒಂದೊಂದು ಬಕೆಟ್ ತನ್ನಿ. ನಡೀರಿ!"

ಕುರ್ಚಿಗಳು ಕಿರುಗುಟ್ಟಿದವು. ಅತ್ತ ಜನ ಓಡಿದರೆ, ಇತ್ತ ಬಾಗಿಲಿಗೆ ಬಂದವನು ಟ್ಯಾಂಕು ಖಾಲಿ ಮಾಡುವ ಲಾರಿಯ ಡ್ರೈವರ್. ಗಾಳಿ ಮೇಷ್ಟ್ರು ಬಂದ ಮೇಲೆ ಈ ಕಡೆ ಅವನನ್ನು ಕರೆಯುವವರೇ ಕಡಿಮೆಯಾಗಿದ್ದರು. ಎದುರಾದಾಗಲೆಲ್ಲ ಇಬ್ಬರೂ ಕಾಲೆಳೆಯದೆ ಬಿಟ್ಟವರಲ್ಲ. ಅವನು ವಿಷಯ ತಿಳಿದು, ಅಪ್ಪನ ತಲೆಯ ಹತ್ತಿರ ಬಗ್ಗಿ, "ಅಂತೂ ಇಂತೂ ನನ್ನ ಲಾರಿ ಕರೆಸಿಕೊಂಡ್ರಿ ನೋಡಿ ಮೇಷ್ಟ್ರೇ" ಎಂದ. ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಲಾರಿ ತಂದ. ಅರ್ಧ ಗಂಟೆಯಲ್ಲಿ ಕಪ್ಪು ನೀರಷ್ಟೂ ಪೈಪಿನಲ್ಲಿ ಲಾರಿಯ ಹೊಟ್ಟೆ ಸೇರಿತು.

ಬಕೆಟ್ಟುಗಳು ಬಂದವು. ಇಸ್ತ್ರಿ ಮಾಡಿದ ಬಟ್ಟೆ ಹಾಕಿದವರ ಕೈಯಲ್ಲಿ ಕಂದು ಕೆಸರು ತುಳುಕುತ್ತಿತ್ತು.

"ನಮ್ಮನೇದು ಮೊದ್ಲು ಹಾಕಮ್ಮ," ಎಂದರು ಎದುರುಮನೆ ನರ್ಸಕ್ಕ. "ಬೇಕರೀದು ಬೇಡ, ಬರೀ ಎಣ್ಣೆ ಜಿಡ್ಡು."

"ಜಿಡ್ಡು ತಡೆಯೋಕೆ ಮೇಷ್ಟ್ರೇ ಬೇರೆ ತೊಟ್ಟಿ ಕಟ್ಟಿಸಿದಾರೆ ಕಣಕ್ಕಾ! ಬೇಕಾದ್ರೆ ಮೂಸಿ ನೋಡಿ," ಎಂದು ಬೇಕರಿಯವನು ಬಕೆಟ್ಟನ್ನೇ ಅವರ ಮೂಗಿಗೆ ಹಿಡಿದ.

"ದೂರ ಹಿಡಿಯೋ! ಆಯ್ತಪ್ಪಾ, ನಿಂದು ಪರಿಮಳ."

ಹಿತ್ತಲಲ್ಲಿ ನಗು ಎದ್ದಿತು. ಸಾವಿನ ಮನೆ ಎಂದು ಯಾರೋ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡ ಬಾಯಿಂದಲೇ ಇನ್ನೂ ಜೋರಾಗಿ ನಗು ಬಂತು. ಮಗಳು ಒಂದೊಂದೇ ಬಕೆಟ್ ಈಸಿಕೊಂಡು ಸುರಿದಳು. ಇದು ಶಾಲೆಯದು, ಇದು ನರ್ಸಕ್ಕನದು, ಇದು ಮೂಲೆಮನೆ ತಾತನದು. ಎಲ್ಲವೂ ಒಂದು ಕಾಲಕ್ಕೆ ಇಲ್ಲಿಂದಲೇ ಹೋದಂಥವು. ಮಕ್ಕಳು ಮರಿ ಕಟ್ಟಿಕೊಂಡು ತವರಿಗೆ ಬಂದಿದ್ದವು. ಅತ್ತೆ ಮಾತ್ರ ದೂರ ನಿಂತಿದ್ದರು.

"ನಾನೇ ಕೊಂದ್ನಲ್ಲೇ," ಎಂದರು.

"ಬನ್ನಿ ಅತ್ತೆ, ನೀವೂ ಒಂದು ಬಕೆಟ್ ಹಾಕಿ."

ಅತ್ತೆ ಹಾಕಿದರು. ಹಾಕಿ, ಸ್ವಿಚ್ಚಿನ ಮುಂದೆ ಕಾವಲು ನಿಂತರು.

ಮೂರೂವರೆಗೆ ಟ್ಯಾಂಕಿನ ತುಂಬ ಕಂದು ಗುಳ್ಳೆ. ಹೆಡ್‌ಮಿಸ್ಟ್ರೆಸ್ ಮಂಡಿಯೂರಿ ಮೂಸಿ, ತಲೆ ಎತ್ತಿದರು. "ನಾತ ಹೋಯ್ತು. ಒದ್ದೆ ಮಣ್ಣಿನ ವಾಸನೆ." ಜನ ಒಬ್ಬರ ಮೇಲೊಬ್ಬರು ಬಗ್ಗಿ ಮೂಸತೊಡಗಿದರು. ಅತ್ತೆ ಸೊಂಟದಿಂದ ಕೀಲಿ ತೆಗೆದದ್ದೇ ತಡ, ಮೂಲೆಮನೆ ತಾತ ಅದನ್ನು ಕಿತ್ತುಕೊಂಡು ಬಚ್ಚಲಮನೆಗೆ ಓಡಿದರು.

ಆ ಗಲಾಟೆಯಲ್ಲಿ ವಾಹನ ಬಂದ ಸದ್ದು ಯಾರಿಗೂ ಕೇಳಲಿಲ್ಲ. ಕೈ ತೊಳೆಯಲು ಒಳಗೆ ಬಂದ ಮಗಳು ಹಾಲ್‌ನ ಬಾಗಿಲಲ್ಲೇ ನಿಂತಳು. ಕುರ್ಚಿಗಳೆಲ್ಲ ಖಾಲಿ. ಬೆಳಗಿನಿಂದ ಅಪ್ಪನ ಪಕ್ಕ ಬಿಟ್ಟೇಳದ ಅಮ್ಮ ಮಂಚದ ಒಂದು ತುದಿ ಹಿಡಿದಿದ್ದರು. ಇನ್ನೊಂದು ತುದಿಯನ್ನು ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡ ವಾಹನದ ಡ್ರೈವರ್ ಹಿಡಿದಿದ್ದ. ಇಬ್ಬರೂ ಸೇರಿ, ಹೂವು ಜಾರದ ಹಾಗೆ, ಅಪ್ಪನ ಮುಖ ಹಿತ್ತಲ ಕಡೆ ಬರುವಂತೆ ಮಂಚವನ್ನು ತಿರುಗಿಸುತ್ತಿದ್ದರು.

"ಇನ್ನೊಂಚೂರು ಎಡಕ್ಕಪ್ಪಾ," ಎಂದರು ಅಮ್ಮ. "ಬಾಗಿಲು ಅಡ್ಡ ಬರುತ್ತೆ ಅವರಿಗೆ."