ರೆಪ್ಪೆ ಬಡಿಯದ ಡ್ರೈವರ್

ಮೂರನೇ ಕನ್ನಡಕವೂ ಕೈಕೊಟ್ಟಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಯಜಮಾನರು ಬಸ್ ಡ್ರೈವರ್. ತೋರಿಸಿದಾಗಲೆಲ್ಲ ಅವರ ಕಣ್ಣಿನ ನಂಬರು ಬೇರೆಯೇ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಗೋಸುಂಬೆಯಾದರೂ ಇದಕ್ಕಿಂತ ವಾಸಿ. ಈ ಸಲ ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ಸಣ್ಣಕ್ಷರದ ಸಾಲು ಓದದಿದ್ದರೆ ಸ್ಟೇರಿಂಗ್ ಕೈತಪ್ಪಿ, ಬಸ್ ತೊಳೆಯುವ ಕೆಲಸಕ್ಕೆ ಹಾಕುತ್ತಾರೆ. ಆ ಕೆಲಸ ಕೀಳೆಂದಲ್ಲ. ಆ ಸೀಟಿನಿಂದ ಇಳಿಸಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದೇ ನನಗೆ ಭಯ.

ಡ್ರೈವರುಗಳಲ್ಲಿ ಒಂದು ನಂಬಿಕೆ: ಪರೀಕ್ಷೆಯಲ್ಲಿ ರೆಪ್ಪೆ ಬಡಿದವನು ಕೆಟ್ಟ. ಅಕ್ಷರ ಕಾಣದೆ ತಡಕಾಡುತ್ತಿದ್ದಾನೆ ಎಂದು ಬರೆದುಕೊಳ್ಳುತ್ತಾರಂತೆ. ಅದಕ್ಕೇ ಇವರು ವಾರದಿಂದ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ಗೂಬೆಯ ಹಾಗೆ ಕಣ್ಣರಳಿಸಿ ನಿಂತು ಅಭ್ಯಾಸ ಮಾಡಿದ್ದೇ ಮಾಡಿದ್ದು. ಎರಡೂ ಕಣ್ಣು ಕೆಂಡವಾಗಿದ್ದವು.

"ಸ್ವಲ್ಪ ಮುಚ್ಚಿ ಸುಧಾರಿಸ್ಕೊಳ್ರೀ."

"ಸುಮ್ನಿರೇ, ರೂಢಿ ತಪ್ಪುತ್ತೆ."

ಪರೀಕ್ಷೆಯ ದಿನ ನನ್ನನ್ನೂ ಒಳಗೆ ಬಿಟ್ಟರು. ಅಕ್ಷರದ ಬೋರ್ಡಿನಲ್ಲಿ ಮೇಲಿನ ಸಾಲುಗಳನ್ನು ಇವರು ಸಲೀಸಾಗಿ ಓದಿದರು. ಕೆಳಗಿಳಿದಂತೆ ಅವರ ದನಿಯೂ ಇಳಿಯಿತು. ಸಣ್ಣಕ್ಷರದ ಸಾಲಿಗೆ ಬಂದಾಗ ಓದು ನಿಂತೇ ಹೋಯಿತು. ಡಾಕ್ಟರಮ್ಮ ಎದ್ದು ಬಂದು, ಅವರ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ದೀಪದ ಯಂತ್ರದಲ್ಲಿ ನೋಡಿದರು.

"ಕಣ್ಣು ಒಣಗಿದೆ. ಕಣ್ಣಿನ ಮೇಲೆ ತೆಳ್ಳಗೆ ನೀರಿನ ಪೊರೆ ಇರುತ್ತೆ, ಬೆಳಕು ಮೊದ್ಲು ಅದನ್ನ ದಾಟೇ ಒಳಗೆ ಬರೋದು. ಅದೇ ಒಡೆದುಹೋದ್ರೆ ನಂಬರ್ ಹೇಗೆ ನಿಲ್ಲುತ್ತೆ? ರೆಪ್ಪೆ ಬಡಿದ್ರೇನೇ ಆ ನೀರು ಹರಡೋದು. ಅಲ್ಲ, ನೀವ್ಯಾಕೆ ರೆಪ್ಪೆನೇ ಬಡೀತಿಲ್ಲ?"

"ಬಡಿದ್ರೆ ಫೇಲ್ ಮಾಡ್ತೀರಂತಲ್ಲ, ಮೇಡಂ?"

ಆಕೆಗೆ ನಗು ತಡೆಯಲಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಮಗಿಲ್ಲಿ ಪ್ರಾಣಸಂಕಟ, ಈಕೆಗೆ ನಗು.

"ಮೊದ್ಲು ಇದು ವಾಸಿಯಾಗ್ಲಿ, ಹೊಸ ಕನ್ನಡಕ ಆಮೇಲೆ. ಈಗ ಕಣ್ಣು ಒದ್ದೆಯಾಗೋಕೆ ಬೇರೆ ಹನಿ ಹಾಕ್ತೀನಿ, ಕಣ್ಮುಚ್ಚಿ. ಆಮೇಲೆ ರೆಪ್ಪೆ ಬಡೀತಾ ಓದಿ, ನೋಡೋಣ."

ಮುಚ್ಚಿದರು. ಮುಚ್ಚಿದವರು ತೆರೆಯಲೇ ಇಲ್ಲ. ಡಾಕ್ಟರಮ್ಮ ಮತ್ತೆ ಮತ್ತೆ ಕರೆದರು. ಇವರು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದರು.

"ತೆರೆದ್ಮೇಲೂ ಕಾಣಿಸ್ದಿದ್ರೆ ಏನೇ ಮಾಡ್ಲಿ?" ಎಂದು ನನ್ನನ್ನು ಕೇಳಿದರು.

"ನಾನಿಲ್ಲೇ ಇದ್ದೀನಲ್ರೀ. ತೆರೀರಿ."

ತೆರೆದರು. ರೆಪ್ಪೆ ಬಡಿದರು, ಮತ್ತೆ ಬಡಿದರು. ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಕೊನೆಯವರೆಗೂ ಓದಿದರು. "ಸರಿಯಾಗಿದೆ" ಎಂದರು ಡಾಕ್ಟರಮ್ಮ. ನಾನೂ ಖಾತ್ರಿ ಮಾಡಿಕೊಳ್ಳೋಣವೆಂದು ಬೋರ್ಡಿನತ್ತ ತಲೆಯೆತ್ತಿದೆ. ಕಣ್ಣು ತುಂಬಿ, ನನಗೆ ಒಂದಕ್ಷರವೂ ಕಾಣಲಿಲ್ಲ.